ಗಾಜಿನ ಮನೆಯ ಹೊನ್ನಮೀನು

ಊರು ಬಿಟ್ಟು ಬಂದು ಮುಂಬಯಿಯಂಥ ನಗರದಲ್ಲಿ ಸಂಸಾರ ಹೂಡಿರುವ ನಮ್ಮಂಥವರ ಮಕ್ಕಳಿಗೆ ಅನ್ನಬಟ್ಟೆಗಳ ಕೊರತೆಯೇನೂ ಇಲ್ಲ. ಕೊರತೆಯಿರುವುದು ಮನುಷ್ಯನಲ್ಲದ ಬೇರೊಂದು ಜೀವದ ಒಡನಾಟಕ್ಕೆ. ಊರಿನ ಮನೆಯಲ್ಲಿ ಕೊಟ್ಟಿಗೆಯಿತ್ತು, ಹಿತ್ತಲಿತ್ತು, ಬಾವಿಕಟ್ಟೆಯ ಮೇಲೆ ಬೆಕ್ಕು ಬಿಸಿಲು ಕಾಯಿಸುತ್ತ ಮಲಗಿರುತ್ತಿತ್ತು. ಕರುವಿಗೆ ಹುಲ್ಲು ಹಾಕುವುದನ್ನು ಯಾರೂ ಕಲಿಸಿಕೊಡಬೇಕಾಗಿರಲಿಲ್ಲ. ಇಲ್ಲಿ ನಾಲ್ಕನೆಯ ಮಹಡಿಯ ಎರಡು ಕೋಣೆಗಳ ಬಿಡಾರದಲ್ಲಿ ನಾಯಿಯೊಂದನ್ನು ಸಾಕೋಣವೆಂದರೆ, ಬೆಳಿಗ್ಗೆ ಏಳೂವರೆಯ ಲೋಕಲ್ ಗಾಡಿಗೆ ಓಡುವ ಕಾರಕೂನನಿಗೆ ಅದನ್ನು ತಿರುಗಾಡಿಸುವ ವೇಳೆ ಎಲ್ಲಿಯದು? ಗಿಳಿ ಸಾಕೋಣವೆಂದರೆ, ನಮ್ಮ ನಾಡಿನ ಗಿಳಿಯನ್ನು ಪಂಜರದಲ್ಲಿಡುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಹೀಗಾಗಿ ಮಕ್ಕಳ ಹಟಕ್ಕೆ ಮಣಿದು ನಮ್ಮ ಸಂಸಾರಗಳು ಕೊನೆಗೆ ಮೊರೆಹೋಗುವುದು ಹೊನ್ನಮೀನಿಗೆ. ಅಂಗಡಿಯಲ್ಲಿ ಅದರ ಹೆಸರು ಗೋಲ್ಡ್ ಫಿಶ್.

ನಮ್ಮ ಕರಾವಳಿಯ ಮಿತ್ರರು ಇದನ್ನು ಕೇಳಿ ನಕ್ಕಾರು. “ಮೀನನ್ನು ಬರಿದೆ ನೋಡುವುದಕ್ಕೂ ತರುತ್ತಾರೆಯೆ?” ಎಂದು ಒಬ್ಬರು ನಮ್ಮನ್ನು ಕೇಳಿಯೂ ಇದ್ದಾರೆ. ಆದರೆ ತುಂಗೆಯ ದಡದ ಶೃಂಗೇರಿಯಲ್ಲಿ, ಶಿಶಿಲದ ಮತ್ಸ್ಯತೀರ್ಥದಲ್ಲಿ, ಕಾವೇರಿಯ ರಾಮನಾಥಪುರದಲ್ಲಿ ದೇವರ ಮೀನೆಂದು ಕೈಮುಗಿದು ಆಹಾರ ಹಾಕುವ ನಾಡು ನಮ್ಮದು. ಅಲ್ಲಿಯ ಮೆಟ್ಟಿಲ ಮೇಲೆ ನಿಂತು ಮೀನಿನ ಸಾಲನ್ನು ನೋಡಿ ಮೈಮರೆಯದ ಮಗು ಯಾವುದಿದೆ? ಆ ಸಂತೋಷದ ಒಂದು ತುಣುಕನ್ನು ಮನೆಯೊಳಕ್ಕೆ ತರಬೇಕೆಂಬ ಆಸೆ ತಪ್ಪಲ್ಲ.

ಆದರೆ ಆ ಆಸೆಯಿಂದ ಮನೆಗೆ ಬಂದ ಮೀನಿನ ಗತಿ ಏನಾಗುತ್ತದೆಂಬುದನ್ನು ನಾವೆಲ್ಲ ಬಲ್ಲೆವು. ಗುಂಡನೆಯ ಗಾಜಿನ ಬಟ್ಟಲು, ಅದರಲ್ಲಿ ಎರಡು ಮೀನು, ಬಣ್ಣದ ಕಲ್ಲು ನಾಲ್ಕು. ಮೊದಲ ದಿನ ಸಡಗರ. ಎರಡನೆಯ ವಾರ ಒಂದು ಮೀನು ಬುಡ ಹಿಡಿಯುತ್ತದೆ. ತಿಂಗಳು ತುಂಬುವ ಮೊದಲೇ ಬಟ್ಟಲು ಬರಿದಾಗುತ್ತದೆ. “ಮೀನು ಬಾಳುವುದೇ ಅಷ್ಟು ದಿನ, ಅಳಬೇಡ, ಇನ್ನೊಂದು ತರೋಣ” ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಸಮಾಧಾನ ಒಳ್ಳೆಯದೇ, ಆದರೆ ಮಾತು ಮಾತ್ರ ಸತ್ಯವಲ್ಲ. ಸರಿಯಾಗಿ ನೋಡಿಕೊಂಡ ಹೊನ್ನಮೀನು ಹತ್ತು ಹದಿನೈದು ವರ್ಷ ಲೀಲಾಜಾಲವಾಗಿ ಬಾಳುತ್ತದೆ. ಇಂಗ್ಲೆಂಡಿನಲ್ಲಿ ೧೯೫೬ರಲ್ಲಿ ಜಾತ್ರೆಯ ಆಟವೊಂದರಲ್ಲಿ ಬಹುಮಾನವಾಗಿ ಬಂದ ‘ಟಿಶ್’ ಎಂಬ ಹೊನ್ನಮೀನು ೧೯೯೯ರಲ್ಲಿ ಸತ್ತಾಗ ಅದಕ್ಕೆ ೪೩ ವರ್ಷ! ಒಬ್ಬ ಸರಕಾರಿ ನೌಕರನ ಇಡೀ ಸೇವಾವಧಿಗಿಂತ ದೀರ್ಘವಾದ ಬಾಳು. ತಿಂಗಳಲ್ಲಿ ಸತ್ತ ಮೀನು ಆಯುಸ್ಸು ತೀರಿ ಸತ್ತದ್ದಲ್ಲ, ಉಸಿರುಕಟ್ಟಿ ಅಥವಾ ವಿಷವೇರಿ ಸತ್ತದ್ದು. ಹೀಗಾಗಿ ಎರಡನೆಯ ಮೀನನ್ನು ತರುವ ಮೊದಲು ನಾಲ್ಕು ಮಾತುಗಳನ್ನು ತಿಳಿದಿರುವುದು ನಮ್ಮೆಲ್ಲರ ಹೊಣೆಯೆಂದು ನಮಗೆ ತೋರುತ್ತದೆ.

ಹೊನ್ನಮೀನಿನ ಪೂರ್ವೋತ್ತರ

ಇದರ ತೌರುಮನೆ ಚೀನಾ ದೇಶ. ಅಲ್ಲಿಯ ಕೆರೆಗಳ ಬೂದುಬಣ್ಣದ ಮೀನುಗಳಲ್ಲಿ ಅಪರೂಪಕ್ಕೊಮ್ಮೆ ಕೆಂಪು ಹೊಂಬಣ್ಣದ ಮರಿ ಹುಟ್ಟುವುದನ್ನು ಕಂಡ ಜನ, ಅಂಥವನ್ನೇ ಆರಿಸಿ ಬೇರೆ ಕೊಳಗಳಲ್ಲಿ ಸಾಕತೊಡಗಿದರು. ಸುಂಗ್ ವಂಶದ ಅರಸರ ಕಾಲಕ್ಕೆ, ಎಂದರೆ ಸುಮಾರು ಸಾವಿರ ವರ್ಷಗಳ ಹಿಂದೆ, ಈ ಹವ್ಯಾಸ ಚೆನ್ನಾಗಿ ಬೇರೂರಿತು. ಮುಂದೆ ಮಿಂಗ್ ವಂಶದ ಕಾಲದಲ್ಲಿ (೧೩೬೮–೧೬೪೪) ಮೀನುಗಳನ್ನು ಮನೆಯೊಳಗೆ ಪಿಂಗಾಣಿ ತೊಟ್ಟಿಗಳಲ್ಲಿಡುವ ರೂಢಿ ಬಂದು, ಜೋಡಿಬಾಲದ, ಗುಂಡು ಮೈಯ ತಳಿಗಳು ಹುಟ್ಟಿಕೊಂಡವು. ಹದಿನೇಳನೆಯ ಶತಮಾನದಲ್ಲಿ ಮೀನು ಯೂರೋಪನ್ನು ಸೇರಿತು. ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ೧೮೫೩ರಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆದ ಮೇಲೆ ಗಾಜಿನ ತೊಟ್ಟಿಯ ಶೋಕಿ ಎಲ್ಲೆಡೆ ಹರಡಿತು. ನಮ್ಮ ಮುಂಬಯಿಯ ಮರೀನ್ ಡ್ರೈವಿನಲ್ಲಿ ತಾರಾಪೋರ್‌ವಾಲಾ ಮತ್ಸ್ಯಾಲಯ ತೆರೆದದ್ದು ೧೯೫೧ರಲ್ಲಿ. ಈ ನಗರಕ್ಕೆ ಬಂದ ನಮ್ಮವರ ಎಷ್ಟೋ ಸಂಸಾರಗಳು ಬಣ್ಣದ ಮೀನನ್ನು ಮೊದಲು ಕಂಡದ್ದು ಅಲ್ಲಿಯೇ.

ಕುಲದಲ್ಲಿ ಹೊನ್ನಮೀನು ನಮ್ಮ ಕಟ್ಲಾ, ರೋಹುಗಳ ಜ್ಞಾತಿ. ಈ ಒಂದು ಸಂಗತಿಯನ್ನು ನೆನಪಿಟ್ಟರೆ ಉಳಿದ ಬಹುಪಾಲು ತಾನಾಗಿ ತಿಳಿಯುತ್ತದೆ. ಅದು ಕೆರೆಯ ಮೀನು, ಬಟ್ಟಲಿನದಲ್ಲ. ಅಂಗಡಿಯಲ್ಲಿ ಹೆಬ್ಬೆರಳಿನಷ್ಟಿರುವುದು ಮರಿ. ನೀಳ ಮೈಯ ಸಾಮಾನ್ಯ ತಳಿ, ಕಾಮೆಟ್, ಶುಬುಂಕಿನ್ ಇವು ಒಂದು ಅಡಿಯವರೆಗೂ ಬೆಳೆಯಬಲ್ಲವು. ತಲೆಯ ಮೇಲೆ ಕುಚ್ಚು ಹೊತ್ತ ಓರಾಂಡ, ಉಬ್ಬುಗಣ್ಣಿನ ಕಪ್ಪು ಬ್ಲ್ಯಾಕ್ ಮೂರ್, ಬೀಸಣಿಗೆ ಬಾಲದ ಗುಂಡುಮೀನು ಇವು ಆರೆಂಟು ಅಂಗುಲಕ್ಕೆ ನಿಲ್ಲುತ್ತವೆ. ಬಿಡಾರದಲ್ಲಿರುವವರಿಗೆ ಗುಂಡು ಮೈಯವೇ ಹೊಂದುತ್ತವೆ. ನೀಳ ಮೈಯವು ತೋಟದ ಕೊಳವಿರುವ ಭಾಗ್ಯವಂತರಿಗಿರಲಿ.

ಮತ್ಸ್ಯಾವತಾರದ ಪಾಠ

ಮನುವಿನ ಬೊಗಸೆಗೆ ಬಂದ ಪುಟ್ಟ ಮೀನಿನ ಕಥೆಯನ್ನು ನಾವೆಲ್ಲ ಅಜ್ಜಿಯ ಬಾಯಿಂದ ಕೇಳಿದವರೇ. ಅದನ್ನು ಪಾತ್ರೆಯಲ್ಲಿಟ್ಟರೆ ಪಾತ್ರೆ ಸಾಲದಾಯಿತು, ಕೊಳದಲ್ಲಿ ಬಿಟ್ಟರೆ ಕೊಳ ಸಾಲದಾಯಿತು, ಕೊನೆಗೆ ಸಮುದ್ರವೇ ಬೇಕಾಯಿತು. ಮೀನು ಸಾಕುವವರಿಗೆ ಇದಕ್ಕಿಂತ ಹಿತವಾದ ಉಪದೇಶ ಮತ್ತೊಂದಿಲ್ಲ. “ಮೀನು ಪಾತ್ರೆಗೆ ತಕ್ಕಷ್ಟೇ ಬೆಳೆಯುತ್ತದೆ” ಎಂಬ ಮಾತನ್ನು ಅಂಗಡಿಗಳಲ್ಲಿ ಹೇಳುವುದುಂಟು. ಇಕ್ಕಟ್ಟಿನಲ್ಲಿ ಮೀನು ಕುಂಠಿತವಾಗುವುದು ನಿಜ. ಆದರೆ ಅದು ಹೊಂದಾಣಿಕೆಯಲ್ಲ, ಕಾಯಿಲೆ. ತನ್ನ ಕೊಳಕಿನ ನಡುವೆಯೇ ಬದುಕಿದ ಪ್ರಾಣಿ ಬೆಳೆಯಲಾರದೆ ಕುಗ್ಗಿ, ಅಕಾಲದಲ್ಲಿ ಸಾಯುತ್ತದೆ.

ಗುಂಡು ಬಟ್ಟಲಿನಲ್ಲಿ ಎರಡು ದೋಷಗಳಿವೆ. ನೀರು ಕಡಮೆ, ಆದ್ದರಿಂದ ಕೊಳಕು ಬೇಗ ಸಾಂದ್ರವಾಗುತ್ತದೆ. ಬಾಯಿ ಕಿರಿದು, ಆದ್ದರಿಂದ ಗಾಳಿಯ ಆಮ್ಲಜನಕ ನೀರಿಗಿಳಿಯುವ ಮೇಲ್ಮೈ ಸಾಲದು. ರೋಮ್ ನಗರದ ಆಡಳಿತ ೨೦೦೫ರಲ್ಲಿ ಹೊನ್ನಮೀನನ್ನು ಗುಂಡು ಬಟ್ಟಲಿನಲ್ಲಿಡುವುದನ್ನೇ ನಿಷೇಧಿಸಿತು. ನಾವು ಕಾನೂನು ಬರಲಿ ಎಂದು ಕಾಯಬೇಕಾದುದಿಲ್ಲ.

ಲೆಕ್ಕ ಹೀಗಿದೆ: ಗುಂಡು ಮೈಯ ಮೊದಲನೆಯ ಮೀನಿಗೆ ೭೫ ಲೀಟರು ನೀರು, ಆಮೇಲಿನ ಒಂದೊಂದಕ್ಕೂ ೪೦ ಲೀಟರಿನಂತೆ ಹೆಚ್ಚು. ಮೂರಡಿ ಉದ್ದ, ಒಂದಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿಯಲ್ಲಿ ಅಂಚಿಗೆ ಸ್ವಲ್ಪ ಬಿಟ್ಟು ತುಂಬಿದರೆ ಸುಮಾರು ೯೫ ಲೀಟರು ಹಿಡಿಯುತ್ತದೆ. ಅದು ಒಂದು ಮೀನಿಗೆ ಅರಮನೆ, ಎಳೆಯ ಮೀನು ಎರಡಕ್ಕೆ ಒಂದಷ್ಟು ಕಾಲ ತಕ್ಕ ಮನೆ. ಲೀಟರು ನೀರಿಗೆ ಒಂದು ಕಿಲೋ ತೂಕ. ಗಾಜು, ಮರಳು ಸೇರಿ ನೂರಿಪ್ಪತ್ತು ಕಿಲೋಗೆ ಕಡಮೆಯಾಗದು. ಆದುದರಿಂದ ಅದನ್ನು ಮಗನ ಓದುವ ಮೇಜಿನ ಮೇಲಾಗಲಿ ತೆಳುವಾದ ಹಲಗೆಯ ಮೇಲಾಗಲಿ ಇಡದೆ, ಗೋಡೆಗೆ ಒತ್ತಿ ಕಬ್ಬಿಣದ ನಿಲುವಿನ ಮೇಲೆ, ಅಡಿಯಲ್ಲಿ ಥರ್ಮೋಕೋಲಿನ ಹಾಳೆ ಹಾಸಿ ಇಡಬೇಕು. ಕಿಟಕಿಯ ನೇರ ಬಿಸಿಲು ಕೂಡದು. ಬಿಸಿಲಿಗೆ ನೀರು ಕಾಯುತ್ತದೆ, ಪಾಚಿಯೂ ಬೆಳೆಯುತ್ತದೆ.

ತಳಕ್ಕೆ ನುಣ್ಣನೆಯ ಮರಳು ಸಾಕು. ಹೊನ್ನಮೀನಿಗೆ ತಳವನ್ನು ಬಾಯಲ್ಲಿ ತುಂಬಿಕೊಂಡು ಉಗುಳುವ ಅಭ್ಯಾಸ. ಬಾಯಿಯ ಅಳತೆಯ ಕಲ್ಲು ಗಂಟಲಿನಲ್ಲಿ ಸಿಕ್ಕಿಕೊಂಡೀತು. ಚೂಪಂಚಿನ ಪ್ಲಾಸ್ಟಿಕ್ ಕೋಟೆ ಕೊತ್ತಳಗಳು ಉಬ್ಬುಗಣ್ಣಿನ ಮೀನಿನ ಕಣ್ಣಿಗೇ ಅಪಾಯ.

ವಾಸ್ತುವಿನ ಹೆಸರಿನಲ್ಲಿ ಎಂಟು ಹೊಂಬಣ್ಣದ ಮೀನು, ಒಂದು ಕಪ್ಪು ಮೀನು ಇಡಬೇಕೆಂದು ಹೇಳುವವರಿದ್ದಾರೆ. ನಂಬಿಕೆಯ ಗೊಡವೆ ನಮಗೆ ಬೇಡ. ಆದರೆ ಮೇಲಿನ ಲೆಕ್ಕದಂತೆ ಒಂಬತ್ತು ಮೀನಿಗೆ ೩೯೫ ಲೀಟರು ನೀರು ಬೇಕು. ಅಷ್ಟು ದೊಡ್ಡ ತೊಟ್ಟಿಗೆ ಜಾಗವಿರುವ ಮನೆಗೆ ಲಕ್ಷ್ಮಿ ಈಗಾಗಲೇ ಬಂದಿರಬೇಕಷ್ಟೆ!

ಕಣ್ಣಿಗೆ ಕಾಣದ ವಿಷ

ಇನ್ನು ಬರುವುದು ಮುಖ್ಯವಾದ ಮಾತು. ಇದೊಂದನ್ನು ಅರಿತವರ ಮನೆಯಲ್ಲಿ ಮೀನು ಉಳಿಯುತ್ತದೆ, ಅರಿಯದವರ ಮನೆಯಲ್ಲಿ ಅಳಿಯುತ್ತದೆ.

ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುತ್ತದೆ. ಉಳಿದ ಆಹಾರ, ಮಲ ಕೊಳೆತರೂ ಅಮೋನಿಯವೇ. ಕೆರೆಯಲ್ಲಿ ಅದು ಕರಗಿ ಹೋಗುತ್ತದೆ, ತೊಟ್ಟಿಯಲ್ಲಿ ಕೂಡಿಕೊಳ್ಳುತ್ತದೆ. ನೀರು ಗಾಜಿನಂತೆ ತಿಳಿಯಾಗಿದ್ದಾಗಲೂ ಅದರಲ್ಲಿ ಈ ವಿಷ ತುಂಬಿರಬಹುದು. ನೀರು ಬೆಚ್ಚಗಾದಷ್ಟೂ, ಕ್ಷಾರಗುಣ ಹೆಚ್ಚಿದಷ್ಟೂ ಅದರ ಉಗ್ರತೆ ಹೆಚ್ಚು. ಇದಕ್ಕೆ ಪ್ರಕೃತಿಯೇ ಉಪಾಯ ಮಾಡಿಟ್ಟಿದೆ. ಒಂದು ಬಗೆಯ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟೂ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಆಗಿ ಮಾಡುತ್ತವೆ. ನೈಟ್ರೇಟ್ ಅಷ್ಟು ಕೆಡುಕಿನದಲ್ಲ, ವಾರಕ್ಕೊಮ್ಮೆ ನೀರು ಬದಲಿಸಿದರೆ ಹೋಗುತ್ತದೆ. ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಸಾಗಿ ವಿಲೇವಾರಿಯಾದಂತೆ. ಯಾವ ಮೇಜಿನಲ್ಲಿ ನೌಕರನಿಲ್ಲವೋ ಅಲ್ಲಿ ಕಡತ ರಾಶಿ ಬೀಳುತ್ತದೆ.

ಹೊಸ ತೊಟ್ಟಿಯಲ್ಲಿ ಈ ನೌಕರರು ಇರುವುದಿಲ್ಲ. ಅವರು ಬಂದು ನೆಲೆಸಲು ನಾಲ್ಕರಿಂದ ಆರು ವಾರ ಬೇಕು. ಮೀನು ಮತ್ತು ತೊಟ್ಟಿಯನ್ನು ಒಂದೇ ದಿನ ಕೊಂಡು ತರುವ ನಮ್ಮ ಪದ್ಧತಿಯೇ ಮೊದಲ ತಿಂಗಳ ಸಾವುಗಳಿಗೆ ಮೂಲ. ಸರಿಯಾದ ಕ್ರಮವೆಂದರೆ, ಮೊದಲು ತೊಟ್ಟಿ ತುಂಬಿ, ಫಿಲ್ಟರು ನಡೆಯಿಸಿ, ದಿನವೂ ಚಿಟಿಕೆ ಮೀನಿನ ಆಹಾರ ಹಾಕುತ್ತ ಒಂದು ತಿಂಗಳಿಗೂ ಮಿಕ್ಕಿ ಖಾಲಿಯಾಗಿ ಬಿಡುವುದು. ಸೊಳ್ಳೆ ಮೊಟ್ಟೆಯಿಡದಂತೆ ಮೇಲೆ ಬಲೆ ಮುಚ್ಚಬೇಕು. ಅಂಗಡಿಯಲ್ಲಿ ನೀರು ಪರೀಕ್ಷೆಯ ಕಿಟ್ಟು ದೊರೆಯುತ್ತದೆ. ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಮಾತ್ರ ಕಾಣಿಸಿದಾಗ ಮನೆ ಸಿದ್ಧವಾಯಿತೆಂದು ತಿಳಿಯಬೇಕು. ಬಹುಕಾಲದಿಂದ ಮೀನು ಸಾಕಿದ ಮಿತ್ರರಿದ್ದರೆ ಅವರ ಫಿಲ್ಟರಿನ ಒದ್ದೆ ಸ್ಪಂಜಿನ ತುಂಡೊಂದನ್ನು ಬೇಡಿ ತಂದು ನಮ್ಮದರಲ್ಲಿಟ್ಟರೆ ಕಾಯುವ ಕಾಲ ಬಹಳ ಮಟ್ಟಿಗೆ ಕಡಮೆಯಾಗುತ್ತದೆ. ನೆರೆಮನೆಯಿಂದ ಹೆಪ್ಪಿಗೆ ಮೊಸರು ತಂದಂತೆ ಇದು.

ಮಕ್ಕಳಿಗೆ ಈ ಒಂದು ತಿಂಗಳು ಯುಗವಾಗಿ ಕಂಡೀತು. ನಮ್ಮ ಮನೆಯಲ್ಲಿ ಈ ಕಾಲವನ್ನು ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತ ಕಳೆದಳು. ಪರೀಕ್ಷೆಯ ನಳಿಗೆಯ ಬಣ್ಣ ನೋಡುವ ಕೆಲಸ ಅವಳದೇ. ಕಾಯುವುದೂ ಒಂದು ವಿದ್ಯೆ. ಬೇಕೆಂದುದು ಮರುದಿನವೇ ಬಾಗಿಲಿಗೆ ಬರುವ ಈ ಕಾಲದಲ್ಲಿ ಅದನ್ನು ಕಲಿಸುವ ಅವಕಾಶ ಸುಲಭವಾಗಿ ಸಿಗುವುದಿಲ್ಲ.

ನೀರು ಬದಲಿಸುವ ಕ್ರಮ

ಭಾನುವಾರಕ್ಕೊಮ್ಮೆ ತೊಟ್ಟಿಯ ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ನೀರನ್ನು ರಬ್ಬರಿನ ಕೊಳವೆಯಿಂದ ತಳದ ಕಸದೊಡನೆ ಹೀರಿ ತೆಗೆದು, ಅಷ್ಟೇ ಹೊಸ ನೀರು ಸೇರಿಸಬೇಕು. ತೆಗೆದ ನೀರನ್ನು ಚೆಲ್ಲಬೇಡಿ. ಬಾಲ್ಕನಿಯ ತುಳಸಿಗೂ ಕರಿಬೇವಿಗೂ ಅದು ಒಳ್ಳೆಯ ಗೊಬ್ಬರ. ಎಲ್ಲ ನೀರನ್ನೂ ಚೆಲ್ಲಿ, ತೊಟ್ಟಿಯನ್ನು ಸೋಪು ಹಾಕಿ ತಿಕ್ಕುವ ಉತ್ಸಾಹ ಮಾತ್ರ ಬೇಡ. ಅಷ್ಟು ದಿನ ನೆಲೆಸಿದ ಬ್ಯಾಕ್ಟೀರಿಯಗಳು ಅದರಿಂದ ನಾಶವಾಗುತ್ತವೆ. ಫಿಲ್ಟರಿನ ಸ್ಪಂಜನ್ನೂ ನಲ್ಲಿಯ ಕೆಳಗೆ ಹಿಡಿಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಿ ತೊಳೆಯಬೇಕು.

ನಗರದ ನಲ್ಲಿಯ ನೀರಿನಲ್ಲಿ ನಮ್ಮ ಆರೋಗ್ಯಕ್ಕಾಗಿ ಕ್ಲೋರಿನ್ ಬೆರೆಸಿರುತ್ತಾರೆ. ಅದು ಮೀನಿನ ಕಿವಿರನ್ನು ಸುಡುತ್ತದೆ. ಬಕೀಟಿನಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಆದರೆ ಕೆಲವೆಡೆ ಬೆರೆಸುವ ಕ್ಲೋರಮೀನ್ ಹಾಗೆ ಹಾರುವುದಿಲ್ಲ. ಅದಕ್ಕೆ ಅಂಗಡಿಯ ‘ಆಂಟಿ ಕ್ಲೋರಿನ್’ ಹನಿಗಳೇ ಬೇಕು. ಹಿಂದೆ ಫೋಟೋ ತೊಳೆಯುವವರು ‘ಹೈಪೋ’ ಎಂದು ಬಳಸುತ್ತಿದ್ದ ಸೋಡಿಯಮ್ ಥಯೋಸಲ್ಫೇಟೇ ಇಂಥ ಎಷ್ಟೋ ಸೀಸೆಗಳಲ್ಲಿರುವ ಮದ್ದು. ಕುಡಿಯುವುದಕ್ಕೆ ಸೋಸಿದ ಆರ್.ಓ. ನೀರು ಒಂದನ್ನೇ ತುಂಬಬಾರದು, ಮೀನಿಗೆ ಬೇಕಾದ ಲವಣಗಳು ಅದರಲ್ಲಿಲ್ಲ. ಬೋರ್‌ವೆಲ್ಲಿನ ಗಡಸು ನೀರು ಹೊನ್ನಮೀನಿಗೆ ಸಾಮಾನ್ಯವಾಗಿ ಒಗ್ಗುತ್ತದೆ. ಹೊಸ ನೀರಿನ ಬಿಸುಪು ಹಳೆಯದರಂತೆಯೇ ಇದೆಯೆಂಬುದನ್ನು ಕೈಯಿಟ್ಟು ನೋಡಿ ಸುರಿಯಬೇಕು.

ಊಟದ ವಿಚಾರ

ಹೊನ್ನಮೀನಿಗೆ ಜಠರವೆಂಬುದೇ ಇಲ್ಲ. ತಿಂದದ್ದು ನೇರವಾಗಿ ಕರುಳಿಗೆ ಹೋಗುತ್ತದೆ. ಆದಕಾರಣ ‘ಹೊಟ್ಟೆ ತುಂಬಿತು, ಸಾಕು’ ಎಂದು ಅದು ಎಂದಿಗೂ ಹೇಳದು. ಮನುಷ್ಯ ಬಂದೊಡನೆ ಗಾಜಿಗೆ ಮೂತಿಯೊತ್ತಿ ಯಾಚಿಸುವುದು ಅದರ ಸ್ವಭಾವ. ಆ ಯಾಚನೆಗೆ ಕರಗಿ ಅಜ್ಜಿ ಒಮ್ಮೆ, ಮಗು ಒಮ್ಮೆ, ಅತಿಥಿಗಳು ಒಮ್ಮೆ ಹಾಕಿದರೆ ಉಳಿದದ್ದು ಕೊಳೆತು ವಿಷವಾಗುತ್ತದೆ. ದಿನಕ್ಕೆ ಎರಡು ಸಲ, ಒಂದೆರಡು ನಿಮಿಷಗಳಲ್ಲಿ ತಿಂದು ಮುಗಿಯುವಷ್ಟು ಹಾಕಿದರೆ ಸಾಕು. ವಾರಕ್ಕೊಂದು ದಿನ ಏಕಾದಶಿ ಮಾಡಿಸಿದರೂ ಒಳಿತೇ.

ಗುಂಡು ಮೀನುಗಳಿಗೆ ತೇಲುವ ಕಾಳಿಗಿಂತ ಮುಳುಗುವ ಕಾಳು ಮೇಲು. ತೇಲುವುದನ್ನು ತಿನ್ನುವಾಗ ಗಾಳಿಯನ್ನೂ ನುಂಗಿ ಅವು ತಲೆಕೆಳಗಾಗುವುದುಂಟು. ಹಾಕುವ ಮೊದಲು ಕಾಳನ್ನು ಒಂದು ನಿಮಿಷ ನೆನೆಸಬೇಕು. ವಾರಕ್ಕೊಂದೆರಡು ಸಲ ಬೇಯಿಸಿ ಸಿಪ್ಪೆ ಸುಲಿದ ಹಸಿಬಟಾಣಿಯನ್ನೋ, ಬಿಸಿನೀರಿನಲ್ಲಿ ಅದ್ದಿ ತೆಗೆದ ಪಾಲಕ್ ಸೊಪ್ಪನ್ನೋ ಉಪ್ಪು ಒಗ್ಗರಣೆಗಳಿಲ್ಲದೆ ಕೊಡಬಹುದು. ಅನ್ನ, ಚಪಾತಿ, ಬಿಸ್ಕತ್ತು, ಮಂಡಕ್ಕಿ ಸರ್ವಥಾ ಬೇಡ. ಹರಿಯುವ ತುಂಗೆಗೂ ಮೂರಡಿ ತೊಟ್ಟಿಗೂ ವ್ಯತ್ಯಾಸವಿದೆ. ಶಾಕಾಹಾರಿಗಳ ಮನೆಗೊಂದು ಸೂಚನೆ: ಅಂಗಡಿಯ ಕಾಳಿನಲ್ಲಿ ಸಾಮಾನ್ಯವಾಗಿ ಒಣಮೀನಿನ ಹಿಟ್ಟು ಇರುತ್ತದೆ. ಹೊನ್ನಮೀನು ಸೊಪ್ಪನ್ನೂ ಹುಳುವನ್ನೂ ತಿನ್ನುವ ಪ್ರಾಣಿ. ಸೊಪ್ಪಿನ ಮೇಲೆಯೇ ಅದನ್ನು ಇಡಲು ಹೋಗಬಾರದು. ಇದು ಒಪ್ಪಿಗೆಯಾಗದಿದ್ದರೆ ತರುವ ಮೊದಲೇ ಯೋಚಿಸುವುದು ಲೇಸು.

ಊರೂರಿನ ಹವೆ

ಹೊನ್ನಮೀನು ತಂಪು ನೀರಿನ ಜೀವಿ. ೧೮ರಿಂದ ೨೪ ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. ಪುಣೆಯವರು ಈ ವಿಷಯದಲ್ಲಿ ಪುಣ್ಯವಂತರು. ಮುಂಬಯಿ, ಚೆನ್ನೈ, ಹೈದರಾಬಾದುಗಳ ಬೇಸಗೆಯಲ್ಲಿ ನೀರು ೩೦ ದಾಟುತ್ತದೆ. ನೀರು ಕಾದಂತೆ ಅದರಲ್ಲಿ ಕರಗಿರುವ ಆಮ್ಲಜನಕ ಇಳಿಯುತ್ತದೆ. ೨೦ ಡಿಗ್ರಿಯಲ್ಲಿ ಲೀಟರಿಗೆ ಸುಮಾರು ೯ ಮಿಲಿಗ್ರಾಮಿನಷ್ಟು ಕರಗಬಲ್ಲುದು, ೩೦ ಡಿಗ್ರಿಯಲ್ಲಿ ಏಳೂವರೆಗೆ ಬರುತ್ತದೆ. ಅದೇ ಹೊತ್ತಿಗೆ ಬಿಸಿಗೆ ಮೀನಿನ ಉಸಿರಾಟ ಹೆಚ್ಚುತ್ತದೆ. ಆದಾಯ ಇಳಿದು ಖರ್ಚು ಏರಿದ ತಿಂಗಳ ಕೊನೆಯ ಸ್ಥಿತಿ ಅದರದು. ಏರ್ ಪಂಪನ್ನು ಹಗಲಿರುಳು ನಡೆಯಿಸಿ, ತೊಟ್ಟಿಯ ಮುಚ್ಚಳ ತೆಗೆದು ಬಲೆ ಹೊದಿಸಿ, ನೀರಿನ ಮೇಲ್ಮೈಗೆ ಮೇಜಿನ ಫ್ಯಾನಿನ ಗಾಳಿ ಬೀಸುವಂತೆ ಮಾಡಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ನಮ್ಮ ಮಣ್ಣಿನ ಹೂಜಿಯ ತತ್ತ್ವವೇ ಇದು. ಮಂಜುಗಡ್ಡೆಯನ್ನು ನೇರವಾಗಿ ಹಾಕದೆ, ಮುಚ್ಚಿದ ಬಾಟಲಿಯಲ್ಲಿ ತೇಲಿಬಿಡಬಹುದು. ದಿಲ್ಲಿಯವರಿಗೆ ಬೇಸಗೆಯಲ್ಲಿ ಇದಷ್ಟೂ ಬೇಕು. ಅಲ್ಲಿಯ ಚಳಿಗೆ ಮಾತ್ರ ಹೀಟರಿನ ಅವಶ್ಯಕತೆಯಿಲ್ಲ. ನೀರು ತಣ್ಣಗಾದಂತೆ ಮೀನಿನ ಚಟುವಟಿಕೆ ಇಳಿಯುತ್ತದೆ, ಆಹಾರವನ್ನೂ ಇಳಿಸಿದರಾಯಿತು.

ವಿದ್ಯುತ್ತು ಹೋದಾಗ ಬ್ಯಾಟರಿಯ ಪಂಪು ಉಪಯೋಗಕ್ಕೆ ಬರುತ್ತದೆ. ಅದಿಲ್ಲದಿದ್ದರೆ ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಚೆಂಬಿನಲ್ಲಿ ನೀರನ್ನು ಎತ್ತಿ ಎತ್ತಿ ಮೇಲಿನಿಂದ ಸುರಿಯಬೇಕು. ರಾತ್ರಿ ದೀಪ ಆರಿಸುವುದೂ ಅಗತ್ಯ. ಮೀನಿಗೆ ರೆಪ್ಪೆಯಿಲ್ಲ, ಅದಕ್ಕೆ ಕತ್ತಲೆಯೇ ರೆಪ್ಪೆ.

ಕಾಯಿಲೆಯ ಗುರುತುಗಳು

ಮೀನು ಕೊಳ್ಳುವಾಗಲೇ ನೋಡಿ ಕೊಳ್ಳುವುದು ಅರ್ಧ ವೈದ್ಯ. ಮುಂಬಯಿಯ ಕ್ರಾಫರ್ಡ್ ಮಾರ್ಕೆಟ್ಟಾಗಲಿ, ಚೆನ್ನೈಯ ಕೊಳತ್ತೂರಾಗಲಿ, ರೆಕ್ಕೆ ಬಿಚ್ಚಿ ಚುರುಕಾಗಿ ಈಜುವುದನ್ನು ಆರಿಸಬೇಕು. ಒಂದು ಮೀನಾದರೂ ಸತ್ತು ತೇಲುತ್ತಿರುವ ತೊಟ್ಟಿಯಿಂದ ಏನನ್ನೂ ತರಬಾರದು. ಮನೆಗೆ ತಂದ ಚೀಲವನ್ನು ಕಾಲು ಗಂಟೆ ತೊಟ್ಟಿಯಲ್ಲಿ ತೇಲಿಸಿ, ಚೀಲಕ್ಕೆ ಸ್ವಲ್ಪ ಸ್ವಲ್ಪ ನಮ್ಮ ನೀರು ಬೆರೆಸಿ, ಮೀನನ್ನು ಮಾತ್ರ ಬಿಡಬೇಕು. ಅಂಗಡಿಯ ನೀರು ಹೊರಕ್ಕೆ. ಮೊದಲೇ ಮೀನಿರುವ ಮನೆಯಾದರೆ ಹೊಸದನ್ನು ಎರಡು ಮೂರು ವಾರ ಬೇರೆ ಟಬ್ಬಿನಲ್ಲಿಟ್ಟು ನೋಡಬೇಕು.

ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಅದು ಆಟವಲ್ಲ, ಉಸಿರಿನ ಸಂಕಟ. ಕೂಡಲೆ ಮೂರನೆಯ ಒಂದು ಭಾಗದಷ್ಟು ನೀರು ಬದಲಿಸಿ, ಪಂಪನ್ನು ನೋಡಬೇಕು. ಮೈಮೇಲೆ ಉಪ್ಪಿನ ಹರಳು ಚಿಮುಕಿಸಿದಂತೆ ಬಿಳಿ ಚುಕ್ಕೆಗಳೆದ್ದು, ಮೀನು ಕಲ್ಲಿಗೆ ಮೈ ಉಜ್ಜುತ್ತಿದ್ದರೆ ಅದು ಬಿಳಿಚುಕ್ಕೆ ರೋಗ, ಪರೋಪಜೀವಿಯ ಕಾಟ. ಲೀಟರಿಗೆ ಎರಡು ಗ್ರಾಮಿನಂತೆ, ಎಂದರೆ ೯೫ ಲೀಟರಿಗೆ ಸುಮಾರು ೨೦೦ ಗ್ರಾಮು ಕಲ್ಲುಪ್ಪನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ, ಒಂದೂವರೆ ದಿನದಲ್ಲಿ ಮೂರು ಕಂತುಗಳಾಗಿ ಸುರಿಯಬೇಕು. ಚುಕ್ಕೆ ಮಾಯವಾದೊಡನೆ ನಿಲ್ಲಿಸಬಾರದು. ಮೀನಿನ ಮೈಬಿಟ್ಟು ನೀರಿನಲ್ಲಿ ಈಜುವ ಅವಸ್ಥೆಯಲ್ಲಿ ಮಾತ್ರ ಆ ಜೀವಿ ಸಾಯುವುದರಿಂದ ಹತ್ತರಿಂದ ಹದಿನಾಲ್ಕು ದಿನ ಮುಂದುವರಿಸಬೇಕು. ಆದರೆ ಗಂಡುಮೀನಿನ ಕಿವಿರಿನ ಮುಚ್ಚಳದ ಮೇಲೆ ಮಾತ್ರ ಸಾಲಾಗಿ ಬಿಳಿ ಚುಕ್ಕೆ ಕಂಡರೆ ಗಾಬರಿ ಬೇಡ. ಅದು ಪ್ರಾಯದ ಗುರುತು, ಹುಡುಗರ ಮೊಡವೆಯ ಹಾಗೆ. ಮೈ ಊದಿ ಹುರುಪೆಗಳೆಲ್ಲ ಅನಾನಸಿನಂತೆ ನಿಗುರಿ ನಿಂತರೆ ಒಳಗಿನ ಅಂಗಗಳು ಸೋತಿವೆಯೆಂದು ಅರ್ಥ. ಆ ಸ್ಥಿತಿಯಿಂದ ಮರಳುವ ಮೀನು ವಿರಳ.

‘ತೊಟ್ಟಿಯನ್ನು ಅದೇ ಸ್ವಚ್ಛ ಮಾಡುತ್ತದೆ’ ಎಂದು ಮಾರುವ ಸಕ್ಕರ್ ಮೀನನ್ನು ಜೊತೆಗೆ ಹಾಕಬೇಡಿ. ಅದು ಹೊನ್ನಮೀನಿನ ಮೈಯ ಲೋಳೆಯನ್ನೇ ಹೀರುವುದುಂಟು. ಬಾಯಿಗೆ ಹಿಡಿಯುವ ಸಣ್ಣ ಗಪ್ಪಿಗಳೂ ಬೇಡ, ಅವನ್ನು ಇದೇ ನುಂಗೀತು.

ರಜೆಗೆ ಹೊರಟಾಗ, ವರ್ಗವಾದಾಗ

ಮೇ ತಿಂಗಳಲ್ಲಿ ಊರಿಗೆ ಹೋಗದ ಕನ್ನಡ ಸಂಸಾರವುಂಟೆ? ಆರೋಗ್ಯವಾಗಿರುವ ಬೆಳೆದ ಹೊನ್ನಮೀನು ಒಂದು ವಾರ ಉಪವಾಸವಿದ್ದರೆ ಏನೂ ಆಗದು. ಅದಕ್ಕೂ ಹೆಚ್ಚು ದಿನವಾದರೆ ನೆರೆಯವರಿಗೆ ಡಬ್ಬಿಯನ್ನೇ ಒಪ್ಪಿಸದೆ, ಒಂದೊಂದು ದಿನದ ಪಾಲನ್ನು ಪೊಟ್ಟಣ ಕಟ್ಟಿ ತಾರೀಖು ಬರೆದು ಕೊಡಬೇಕು. ಪ್ರೀತಿಯಿಂದ ಹೆಚ್ಚು ಹಾಕಿ ಕೊಲ್ಲುವುದೇ ಹೆಚ್ಚು. ವಾರದ ನೀರು ಬದಲಾವಣೆಯನ್ನೂ ಹೊರಡುವ ಮೊದಲು ಒಮ್ಮೆ ಎದುರಿನಲ್ಲಿಯೇ ಮಾಡಿ ತೋರಿಸಿರಬೇಕು.

ವರ್ಗಾವಣೆಯ ಆಜ್ಞೆ ಕೈಗೆ ಬಂದಾಗ ಏನು ಗತಿ? ನಮ್ಮಂಥ ನೌಕರರ ಮನೆಯಲ್ಲಿ ಇದು ಊಹೆಯ ಪ್ರಶ್ನೆಯಲ್ಲ. ಮೀನು ಹತ್ತು ವರ್ಷ ಬಾಳಿದರೆ ಅಷ್ಟರಲ್ಲಿ ಎರಡು ಮೂರು ಊರುಗಳಾದರೂ ಆಗಬಹುದು. ಸಮೀಪದ ಊರಾದರೆ ಹೊರಡುವ ಹಿಂದಿನ ದಿನ ಉಪವಾಸವಿರಿಸಿ, ಚೀಲದಲ್ಲಿ ಮೂರನೆಯ ಒಂದು ಭಾಗ ನೀರು, ಉಳಿದುದು ಅಂಗಡಿಯವರಿಂದ ತುಂಬಿಸಿದ ಆಮ್ಲಜನಕ, ಹೀಗೆ ಕಟ್ಟಿ ತಂಪಾದ ಡಬ್ಬದಲ್ಲಿ ಒಯ್ಯಬಹುದು. ಫಿಲ್ಟರಿನ ಸ್ಪಂಜನ್ನು ಒದ್ದೆಯಾಗಿಯೇ ಒಯ್ಯಬೇಕು. ಅದು ಒಣಗಿದರೆ ಮತ್ತೆ ಮೊದಲಿನಿಂದ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ದೂರದ ಊರಾದರೆ ತಿಳಿವಳಿಕೆಯುಳ್ಳ ಮಿತ್ರರಿಗೆ ತೊಟ್ಟಿ ಸಮೇತ ಒಪ್ಪಿಸುವುದೇ ದಾರಿ. ನಮ್ಮ ಸಂಘದ ಬಂಧುಗಳೊಳಗೇ ಇಂಥ ಕೈಬದಲಾವಣೆ ನಡೆಯಬಾರದೇಕೆ? ಪಾತ್ರೆ ಪಡಗ, ತೊಟ್ಟಿಲು, ಮಕ್ಕಳ ಪಠ್ಯಪುಸ್ತಕಗಳು ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವುದು ಪರಊರಿನ ಕನ್ನಡಿಗರಲ್ಲಿ ಹೊಸದೇನಲ್ಲ.

‘ಪುಣ್ಯ ಬರಲಿ’ ಎಂದು ಕೆರೆಗೆ ಬಿಡುವುದು ಮಾತ್ರ ಆಗಬಾರದು. ಹೊರಗಿನ ಮೀನು ನಮ್ಮ ಕೆರೆಯ ತಳವನ್ನು ಕೆದಕಿ ನೀರನ್ನು ರಾಡಿ ಮಾಡಿ, ಅಲ್ಲಿಯ ಸಸ್ಯಗಳನ್ನೂ ಮೀನುಗಳನ್ನೂ ಕೆಡಿಸುತ್ತದೆ. ಅಮೆರಿಕದ ಮಿನೆಸೋಟ ಸಂಸ್ಥಾನದ ಬರ್ನ್ಸ್‌ವಿಲ್ ಎಂಬ ಊರಿನ ಕೆರೆಯಲ್ಲಿ ಜನ ಬಿಟ್ಟ ಹೊನ್ನಮೀನುಗಳು ಕಾಲ್ಚೆಂಡಿನಷ್ಟು ದಪ್ಪಗೆ ಬೆಳೆದುದನ್ನು ಕಂಡು ಅಲ್ಲಿಯ ಪುರಸಭೆ ೨೦೨೧ರಲ್ಲಿ, ದಯವಿಟ್ಟು ಕೆರೆಗೆ ಬಿಡಬೇಡಿರೆಂದು ಜನರನ್ನು ಕೇಳಿಕೊಳ್ಳಬೇಕಾಯಿತು.

ಮಕ್ಕಳ ಪಾಲು

ಹೊನ್ನಮೀನಿನ ನೆನಪು ಮೂರು ಗಳಿಗೆಯದೆಂಬ ಮಾತು ಶುದ್ಧ ಸುಳ್ಳು. ಆಹಾರ ಹಾಕುವ ಕೈಯನ್ನೂ ವೇಳೆಯನ್ನೂ ಅದು ಗುರುತಿಸುತ್ತದೆ. ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾನಿಲಯದವರು ಗಾಲಿಗಳ ಮೇಲೆ ನೀರಿನ ತೊಟ್ಟಿಯನ್ನಿಟ್ಟು, ಮೀನು ಈಜಿದತ್ತ ಬಂಡಿ ಚಲಿಸುವಂತೆ ಮಾಡಿ, ಗುರಿಯತ್ತ ಅದನ್ನು ನಡೆಸಲು ಹೊನ್ನಮೀನುಗಳಿಗೆ ಕಲಿಸಿದ್ದನ್ನು ೨೦೨೨ರಲ್ಲಿ ಪ್ರಕಟಿಸಿದರು. ನಮ್ಮೆದುರು ಇರುವುದು ಗೋಡೆಯ ಚಿತ್ರಪಟವಲ್ಲ, ನಮ್ಮನ್ನೂ ನೋಡುತ್ತಿರುವ ಒಂದು ಜೀವ. ಮಕ್ಕಳಿಗೆ ಇದನ್ನು ಮೊದಲು ಹೇಳಬೇಕು. ಆಗ ಗಾಜಿಗೆ ಬೆರಳಿನಿಂದ ಕುಟ್ಟುವುದನ್ನು ಅವರು ತಾವಾಗಿಯೇ ಬಿಡುತ್ತಾರೆ.

ಕೆಲಸ ಹಂಚಿ ಕೊಡಬೇಕು. ಚಿಕ್ಕವರಿಗೆ ಆಹಾರ, ದೊಡ್ಡವರಿಗೆ ನೀರಿನ ಪರೀಕ್ಷೆ, ಬಕೀಟು ಹೊರುವುದು ನಮಗೆ. ಇದರಲ್ಲಿ ಮತ್ತೊಂದು ಲಾಭವನ್ನೂ ನಾವು ಕಂಡೆವು. ಶಾಲೆಯಲ್ಲಿ ಇಂಗ್ಲಿಷು, ಅಂಗಳದಲ್ಲಿ ಮರಾಠಿ ಹಿಂದಿ ಆಡುವ ನಮ್ಮ ಮಕ್ಕಳಿಗೆ ಕಿವಿರು, ಹುರುಪೆ, ಪಾಚಿ, ಲೋಳೆ, ರಾಡಿ ಎಂಬ ಮಾತುಗಳು ಪುಸ್ತಕದಿಂದ ಬಾರವು. ತೊಟ್ಟಿಯ ಮುಂದೆ ಕುಳಿತು ಊರಿನ ಅಜ್ಜನಿಗೆ ಫೋನಿನಲ್ಲಿ ಮೀನಿನ ಸಮಾಚಾರ ಹೇಳುವಾಗ ಅವು ಬರುತ್ತವೆ, ಬೇರೆ ಮಾತು ಅಲ್ಲಿ ನಡೆಯುವುದಿಲ್ಲವಲ್ಲ!

ಎಷ್ಟು ನೋಡಿಕೊಂಡರೂ ಒಂದು ದಿನ ಸಾವು ಬರುತ್ತದೆ. ಆಗ ಮಗು ಶಾಲೆಗೆ ಹೋದ ಹೊತ್ತಿನಲ್ಲಿ ಅದೇ ಬಣ್ಣದ ಇನ್ನೊಂದನ್ನು ತಂದು ಬಿಡುವ ಜಾಣತನ ಬೇಡ. ಮಕ್ಕಳು ಗುರುತಿಸುತ್ತಾರೆ, ಗುರುತಿಸಿ ಸುಮ್ಮನಿರುತ್ತಾರೆ. ಅದು ಅಳುವುದಕ್ಕಿಂತ ಕೆಟ್ಟದ್ದು. ಹೂಕುಂಡದ ಮಣ್ಣಿನಲ್ಲಿ ಮಗುವಿನ ಕೈಯಿಂದಲೇ ಹೂಳಿಸಿ, ಇಷ್ಟು ವರ್ಷ ನಮ್ಮೊಡನಿತ್ತು, ಚೆನ್ನಾಗಿತ್ತು ಎಂದು ಹೇಳುವಂತಿದ್ದರೆ ಅದೇ ಸಮಾಧಾನ. ಹಾಗೆ ಹೇಳುವುದಕ್ಕೆ ಆ ವರ್ಷಗಳು ನಿಜವಾಗಿಯೂ ಇದ್ದಿರಬೇಕು. ತಿಂಗಳಿಗೊಂದು ಮೀನು ಸಾಯುವ ಮನೆಯಲ್ಲಿ ಮಗು ಕಲಿಯುವುದು ಜೀವ ಅಗ್ಗವೆಂಬ ಪಾಠವನ್ನು. ಹತ್ತು ವರ್ಷ ಒಂದೇ ಮೀನು ಬಾಳಿದ ಮನೆಯಲ್ಲಿ ಅದು ಕಲಿಯುವ ಪಾಠವೇ ಬೇರೆ.

ಮೀನಿನ ಬೆಲೆ ಕಡಮೆ, ತೊಟ್ಟಿಯ ಬೆಲೆ ಹೆಚ್ಚು. ಎಲ್ಲಕ್ಕಿಂತ ಹೆಚ್ಚಿನದು ವಾರವಾರದ ಅರ್ಧ ಗಂಟೆ. ಆ ಅರ್ಧ ಗಂಟೆ ನಮ್ಮಲ್ಲಿದೆಯೆ ಎಂದು ಮನೆಮಂದಿಯೆಲ್ಲ ಕುಳಿತು ಯೋಚಿಸಿ, ಇದೆಯೆಂದಾದರೆ ಈ ತಿಂಗಳು ತೊಟ್ಟಿಯನ್ನು ಮಾತ್ರ ತನ್ನಿ, ಮೀನು ಮುಂದಿನ ತಿಂಗಳಿಗಿರಲಿ.